ಹುಡುಗಿಗೆ ಪೊಲೀಸರ ಓದು

“ಹುಡುಗಿಗೆ ಪೊಲೀಸರ ಓದು ಎಂತಕ್ಕೆ ಮಾರಾಯ್ರೆ? ನಾಳೆ ಇವಳನ್ನು ಯಾರು ಮದುವೆ ಆಗುದು?”

ತೊಂಬತ್ತರ ದಶಕದಲ್ಲಿ, ಬಹರೈನ್‌ನ ಗುದೈಬಿಯಾದ ನಮ್ಮ ಫ್ಲ್ಯಾಟಿಗೆ ಶುಕ್ರವಾರದ ಊಟಕ್ಕೆ ಬಂದಿದ್ದ ಎದುರುಮನೆಯ ರಾಯರು ಹೀಗೆಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕ್ರಿಮಿನಲ್ ಜಸ್ಟಿಸ್, ಅಂದರೆ ಪೊಲೀಸು-ಕೋರ್ಟು-ಜೈಲಿನ ವಿಷಯ, ಓದಿ, ಆಮೇಲೆ ಯೂನಿವರ್ಸಿಟಿಗೆ ವರ್ಗವಾಗಿ ಪದವಿ ಮುಗಿಸುವುದೆಂದು ಮಗಳು ತಾನೇ ವಿಚಾರಿಸಿ ನಿರ್ಧರಿಸಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅವಳು ರಾಯರಿಗೆ ಸಾರು ಬಡಿಸುತ್ತ ಹೇಳಿದಳು: “ಮೇಲಿನ ಮನೆಯ ಕೆಲಸದ ಹುಡುಗಿ ಪೆಟ್ಟು ತಿಂದು ಬಂದು ನಿಮ್ಮ ಬಾಗಿಲು ಬಡಿದಾಗ ನೀವು ತೆಗೀಲೇ ಇಲ್ಲ ಅಲ್ವಾ ಅಂಕಲ್? ಅದಕ್ಕೇ.”

ರಾಯರು ಅರ್ಧ ಊಟಕ್ಕೇ ಎದ್ದು ಕೈತೊಳೆದರು.

ಆ ಕೆಲಸದ ಹುಡುಗಿ ಆಮೇಲೆ ಏನಾದಳೆಂದು ನಮ್ಮ ಕಟ್ಟಡದಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಮಗಳಿಗೆ ಮದುವೆಯಾಯಿತೇ ಎಂದು ಮಾತ್ರ ಇಂದಿಗೂ ಕೇಳುತ್ತಾರೆ.