ಹೆಂಡತಿಯ ಪಲ್ಲವಿ, ಟೈಲರನ ಕೈ

ಬೀದಿಯವರಿಗೆಲ್ಲ ಅವನು ಟೈಲರ್ ಮಾಸ್ಟರ್. ಅವನ ಹೊಲಿಗೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಮುಗಿದ ಕೆಲಸವನ್ನು ಮುಗಿಯಿತು ಅಂತ ಬಿಡುವ ಜಾಯಮಾನ ಮಾತ್ರ ಅವನದಲ್ಲ. ಗಿರಾಕಿ ಬಂದು ಬಾಗಿಲಲ್ಲಿ ನಿಂತಿದ್ದರೂ "ಒಂದ್ನಿಮಿಷ" ಎಂದು ಇನ್ನೊಂದು ಹೊಲಿಗೆ ಹಾಕುವ ಆಸಾಮಿ.

ಮಗಳು ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತಾಳೆ. ಈ ಸಲದ ಕಾರ್ಯಕ್ರಮದ ಹಾಡನ್ನು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿದಳು. ಪಲ್ಲವಿ ಹಾಡಲು ಅಮ್ಮನನ್ನು ಪುಸಲಾಯಿಸಿದಳು. ಅಡುಗೆಮನೆ ಬಿಟ್ಟರೆ ಬೇರೆಲ್ಲೂ ದನಿ ಎತ್ತದ ಹೆಂಗಸು ಆಕೆ. ಅಂತೂ ಇಂತೂ, ದನಿ ಗೋಡೆಗೆ ಬಡಿದು ಮೊಳಗದಿರಲೆಂದು ಬೀರುವಿನ ಬಾಗಿಲು ತೆರೆದು, ಮಡಿಸಿದ ಬಟ್ಟೆಗಳ ನಡುವೆ ಮೈಕ್ ಇಟ್ಟುಕೊಂಡು ಹಾಡಿದಳು.

"ಒಂದೇ ಸಲ. ಯಾರಾದ್ರೂ ನಕ್ಕರೋ, ಇನ್ಮೇಲೆ ಅಡುಗೆಮನೇಲೂ ಹಾಡಲ್ಲ!"

ಹೊರಗೆ ಮಾಸ್ಟರನ ಮಿಷನ್ ತಟ್ಟನೆ ನಿಂತಿತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಡುಗೆಮನೆಯಿಂದ ಬರುವ ಆಕೆಯ ಹಾಡು ಕೇಳಿಕೊಂಡೇ ಅವನ ಮಿಷನ್ ಇಷ್ಟು ವರ್ಷ ಓಡಿದ್ದು.

ಮಗಳು ಆ ಪಲ್ಲವಿಯನ್ನೇ ನಾಲ್ಕು ಕಡೆ ಜೋಡಿಸಿದಳು. ಪಲ್ಲವಿ ಬಂದಾಗ ವಾದ್ಯಗಳೆಲ್ಲ ಸುಮ್ಮನಾಗಿ ಅಮ್ಮನ ದನಿಯೊಂದೇ ಉಳಿಯುತ್ತಿತ್ತು.

"ಅಪ್ಪಾ, ಈ ನಾಲ್ಕೂ ಲಿಂಕ್ ಆಗಿರೋ ಕಾಪಿ. ಒಂದನ್ನ ತಿದ್ದಿದ್ರೆ ನಾಲ್ಕೂ ಬದಲಾಗುತ್ತೆ."

"ಗೊತ್ತು ಬಿಡೇ," ಎಂದ. ಗೊತ್ತಿರಲಿಲ್ಲ. ಒಂದೇ ಅಳತೆಗೆ ನಾಲ್ಕು ಅಂಗಿ ಹೊಲಿದಾಗ, ಒಂದರ ತೋಳು ಕತ್ತರಿಸಿದರೆ ಉಳಿದವುಗಳ ತೋಳೂ ಗಿಡ್ಡವಾಗಿದ್ದನ್ನು ಅವನು ಜನ್ಮದಲ್ಲಿ ಕಂಡಿಲ್ಲ.

ಕಾರ್ಯಕ್ರಮದ ದಿನ ಮಗಳು ಸ್ನಾನಕ್ಕೆ ಹೋಗಿದ್ದೇ ತಡ, ಮಾಸ್ಟರನ ಕೈ ಸುಮ್ಮನಿರಲಿಲ್ಲ. ಹಾಡು ಕೊನೆಯಲ್ಲಿ ಗಕ್ಕನೆ ನಿಲ್ಲುತ್ತದಲ್ಲ, ಅಂಚು ಮಡಿಸದ ಬಟ್ಟೆಯ ಹಾಗೆ! ಮಗಳು ಮಾಡುವುದನ್ನು ನೋಡಿಕೊಂಡಿದ್ದ ಹಾಗೆ ಕಂಪ್ಯೂಟರಿನಲ್ಲಿ ಕೊನೆಯ ಪಲ್ಲವಿಯ ದನಿ ಮೆಲ್ಲಗೆ ಇಳಿದು ಇಲ್ಲವಾಗುವಂತೆ ಮಾಡಿದ. ಅದೊಂದನ್ನೇ ಕೇಳಿ ತಲೆದೂಗಿದ. ಮಗಳು ಅವಸರದಲ್ಲಿ ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಓಡಿದಳು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಪಲ್ಲವಿ ಬಂತು, ಇಳಿಯಿತು, ನಿಂತೇಹೋಯಿತು. ಮಕ್ಕಳು ಕಕ್ಕಾಬಿಕ್ಕಿ. ಹಾಡು ಮುಗಿಯಿತೆಂದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಡೋಲು ಶುರುವಾಗಿ ಮಕ್ಕಳು ಮತ್ತೆ ಕುಣಿದರು. ಎರಡನೆಯ ಪಲ್ಲವಿಯೂ ಹಾಗೇ ಕರಗಿತು. ಮತ್ತೆ ಚಪ್ಪಾಳೆ, ಜೊತೆಗೆ ನಗು. ಮೂರನೆಯದಕ್ಕೆ ಮಕ್ಕಳೇ ಕಿಸಕ್ಕೆಂದು ನಕ್ಕು ಜನರಿಗೆ ಬಾಗಿ ನಮಸ್ಕರಿಸಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮಾಸ್ಟರ್ ಕುರ್ಚಿಯಲ್ಲೇ ಕುಗ್ಗಿ ಕೂತ. ಒಬ್ಬರು ನಕ್ಕರೂ ಹಾಡಲ್ಲ ಅಂದಿದ್ದಳು. ಈಗ ಇಡೀ ಸಭೆಯೇ ನಗುತ್ತಿದೆ. ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ.

"ನಂದೇ ತಪ್ಪು ಕಣೇ. ಕೊನೇದೊಂದನ್ನ ಮಾತ್ರ ಮುಟ್ಟಿದ್ದೆ..."

"ಶ್! ಸುಮ್ನಿರಿ," ಎಂದಳು ಆಕೆ, ವೇದಿಕೆಯಿಂದ ಕಣ್ಣು ಕೀಳದೆ. "ಇನ್ನೊಂದು ಸಲ ತಟ್ತಾರೆ."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಅಡುಗೆಮನೆಯಿಂದ ಪಲ್ಲವಿ ಕೇಳಿತು. ಕೇಳಿ, ನಿಂತುಬಿಟ್ಟಿತು. ಮಾಸ್ಟರ್ ಗಾಬರಿಯಾಗಿ ಕಿವಿ ನಿಮಿರಿಸಿದ.

"ರೀ," ಎಂದಿತು ಒಳಗಿನ ದನಿ, "ಚಪ್ಪಾಳೆ ಎಲ್ಲಿ?"

ಮಾಸ್ಟರ್ ಕತ್ತರಿ ಕೆಳಗಿಟ್ಟು ತಟ್ಟಿದ.