ಕುರುಡುಮಲೆಯ ಅರಳಿ ಮರ

ಸಾವಿರದ ಒಂಬೈನೂರ ನಲವತ್ತರ ಆಸುಪಾಸಿನಲ್ಲಿ ಕುರುಡುಮಲೆ ಗಣಪತಿ ಗುಡಿಯ ನಕ್ಷೆ ಬರೆಯಲು ಪ್ರಾಚ್ಯವಸ್ತು ಇಲಾಖೆ ನನ್ನನ್ನು ಕಳಿಸಿತ್ತು. ಇದ್ದದ್ದನ್ನಷ್ಟೇ ಬರೆಯಬೇಕೆಂದು ಕಟ್ಟಪ್ಪಣೆ. ನನ್ನ ಬಡ್ತಿ ಆ ನಕ್ಷೆಯ ಮೇಲೆ ನಿಂತಿತ್ತು.

ಇಳಿದುಕೊಂಡದ್ದು ಮುಳಬಾಗಿಲಿನ ಬಂಗಲೆಯಲ್ಲಿ. ಅಲ್ಲಿ ಗೋಡೆಯ ಮೇಲೆ ಒಂದು ಅಚ್ಚಿನ ಚಿತ್ರವಿತ್ತು. ಮುನ್ನೂರು ವರ್ಷದ ಹಿಂದೆ ಯಾವನೋ ಯೂರೋಪಿನವನು ತಾಮ್ರದ ತಗಡಿನಲ್ಲಿ ಕೊರೆದದ್ದು. ಮುರಿದ ಕಂಬಗಳ ದೇವಾಲಯ, ಅದರ ನೆತ್ತಿಯಿಂದ ಚಿಮ್ಮಿದ ಮರ, ಕೆಳಗೆ ನೀರು, ಮೇಕೆಗಳು. ಕಂಬದ ಅಳತೆಯೂ ಸರಿ, ಎಲೆಯ ಅಲುಗಾಟವೂ ಸರಿ. ನೋಡಿದಷ್ಟೂ ಹೊಟ್ಟೆ ಉರಿಯಿತು.

ಬಂಗಲೆ ಕಾಯುವ ಮುನಿವೆಂಕಟಪ್ಪನಿಗೆ ನನ್ನ ಹಾಳೆ ತೋರಿಸಿದೆ.

"ಗೀಟು ನೆಟ್ಟಗವೆ ಸಾಮಿ," ಅಂದ.

"ಅಷ್ಟೇನಾ?"

"ಆ ದೊರೆ ಪಟದಲ್ಲಿ ಗಾಳಿ ಬೀಸ್ತೈತೆ. ನಿಮ್ಮದ್ರಲ್ಲಿ ಮೇಕೆ ನಿಲ್ಲೋಕೂ ನೆಳ್ಳಿಲ್ಲ."

ಆ ಮಧ್ಯಾಹ್ನವೇ ನಕ್ಷೆಯಲ್ಲಿ ಗುಡಿಯ ಮೇಲೆ ಒಂದು ಅರಳಿ ಮರ ಬರೆದೆ. ನಿಜಕ್ಕೂ ಅಲ್ಲಿ ಹುಲ್ಲುಕಡ್ಡಿಯೂ ಇರಲಿಲ್ಲ. ಬೇರು ಕಲ್ಲಿನ ಸಂದಿಗೆ ಇಳಿದಂತೆ, ಎಲೆ ಎಲೆಯಾಗಿ ತಿದ್ದಿ ಕಚೇರಿಗೆ ಕಳಿಸಿಬಿಟ್ಟೆ.

ತಿಂಗಳಾದ ಮೇಲೆ ನಾನು ಗುಡಿಯಲ್ಲಿ ಉಳಿದಿದ್ದ ಕಂಬಗಳನ್ನು ಅಳೆಯುತ್ತಿದ್ದಾಗ ಒಬ್ಬ ಮೇಸ್ತ್ರಿಯೊಡನೆ ನಾಲ್ಕು ಆಳುಗಳು ಏಣಿ, ಹಗ್ಗ, ಕೊಡಲಿ ಹೊತ್ತು ಬಂದರು. ಬೇರು ಗುಡಿಯನ್ನು ಸೀಳುತ್ತಿದೆ, ಮರವನ್ನು ಕೂಡಲೇ ಕಡಿಯಿರಿ ಎಂದು ನಕ್ಷೆ ನೋಡಿದ ಕಚೇರಿಯಿಂದ ಆಜ್ಞೆಯಾಗಿತ್ತಂತೆ.

ಮೇಸ್ತ್ರಿ ಗುಡಿಗೆ ಮೂರು ಸುತ್ತು ಹಾಕಿ ಬಂದು, "ಮರ ಎಲ್ಲೈತೆ ಸಾಮಿ?" ಎಂದು ನನ್ನನ್ನೇ ಕೇಳಿದ.

"ಹಾಳೆಯಲ್ಲಿದೆ," ಎಂದೆ.

ಬಡ್ತಿ ಹೋಯಿತು. ಹೋಗಲಿ. ಆ ದೊರೆಯ ಮರ ಕಡಿಯಲು ಇದುವರೆಗೆ ಯಾರೂ ಕೊಡಲಿ ಹೊತ್ತು ಬಂದದ್ದು ನಾನು ಕೇಳಿಲ್ಲ.