ಲ್ಯಾಬ್ ಆಂಟಿಯ ತೆರೆಯದ ಲಕೋಟೆ

ಮಸ್ಕತ್‌ನಲ್ಲಿ ನಾನು ಓದಿದ ಶಾಲೆಯ ಆಡಳಿತ ಸಮಿತಿ ಒಬ್ಬ ಹೆಂಗಸಿಗೆ ಮಾತು ಕೊಟ್ಟು ತಪ್ಪಿತು. ತಪ್ಪಿದ್ದನ್ನು ಮುಚ್ಚಲು ಸುಳ್ಳನ್ನೂ ಹೇಳಿತು. ಮರೆತಿದ್ದರೆ ಕ್ಷಮಿಸಬಹುದಿತ್ತು, ಅವರು ಮರೆತಿರಲಿಲ್ಲ.

ಕೆಲವು ತಿಂಗಳ ಹಿಂದೆ ಅದೇ ಊರಿನ ಬೌಷರ್‌ನ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕಾಯುತ್ತಾ ನಿಂತಿದ್ದೆ. ಬೆಸುಗೆಯ ಬಿಸಿಗೆ ರಾಳ ಕರಗಿ ಎದ್ದ ಹೊಗೆ ಮೂಗಿಗೆ ಬಡಿಯಿತು. ನಮ್ಮ ಲ್ಯಾಬ್ ಆಂಟಿಯ ಸೆರಗಿನಲ್ಲಿ ಸದಾ ಇರುತ್ತಿದ್ದ ವಾಸನೆ ಅದು...

ಅವರು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕಿ. ಉಡುಪಿ ಕಡೆಯವರು, ಮನೆಮಾತು ತುಳು. ಟೀಚರ್ ಅಲ್ಲವಾದ್ದರಿಂದ ನಾವು ಯಾರೂ ಅವರಿಗೆ ಹೆದರುತ್ತಿರಲಿಲ್ಲ. ಆದರೂ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದರು.

"ಶೂ ಹೊರಗೆ ಬಿಡಿ ಮಕ್ಳೆ. ಧೂಳು ಝಾಡಿಸಿ ಒಳಗೆ ಬನ್ನಿ."

"ಆಂಟಿ, ವಿ ಆರ್ ಓನ್ಲಿ ಮೇಕಿಂಗ್ ಎ ಬೆಲ್!" ಎಂದು ಯಾರಾದರೂ ಕೂಗುವರು.

"ಬೆಲ್ ಆದ್ರೆ ಎಂತ, ಅದಕ್ಕೆ ಮರ್ಯಾದೆ ಇಲ್ವಾ? ನಾವು ಉಪಗ್ರಹ ಮಾಡುವಾಗ ಮುಖಕ್ಕೆ ಪೌಡರ್ ಹಾಕ್ಲಿಕ್ಕಿರ್ಲಿಲ್ಲ. ತಲೆಗೆ ಮಲ್ಲಿಗೆ ಅಂತೂ ಕೇಳ್ಲೇಬೇಡಿ."

ತರಗತಿಯಿಡೀ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಅವರು ಹೇಳಿದ್ದು ನಿಜವಾಗಿತ್ತು. ಎಪ್ಪತ್ತರ ದಶಕದ ನಡುವೆ, ದೇಶದ ಮೊದಲ ಉಪಗ್ರಹ ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ ಸಿದ್ಧವಾಗುತ್ತಿದ್ದಾಗ, ಐಟಿಐ ಮುಗಿಸಿದ್ದ ಅವರು ಅಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದರು. ಉಪಕರಣಗಳಿಗೆ ವಿದ್ಯುತ್ ಒಯ್ಯುವ ತಂತಿಗಳನ್ನು ಬೆಸೆಯುವುದು ಅವರ ಕೆಲಸ. ಉಪಗ್ರಹ ಹಾರಿದ್ದು ಸೋವಿಯತ್ ನೆಲದಿಂದ, ಸೋವಿಯತ್ತರದೇ ರಾಕೆಟ್ಟಿನಲ್ಲಿ. ಸುದ್ದಿ ಬಂದಾಗ ಶೆಡ್ಡಿನಲ್ಲಿ ಲಾಡು ಹಂಚಿದರಂತೆ. ಕೆಲವೇ ದಿನಗಳಲ್ಲಿ ಪ್ರಯೋಗದ ಉಪಕರಣಗಳಿಗೆ ವಿದ್ಯುತ್ ನಿಂತುಹೋಯಿತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಆಂಟಿ ಒಂದು ನೋಟ್‌ಬುಕ್ ಕೊಟ್ಟು ಕಾಗುಣಿತ ನೋಡಿಕೊಡು ಎಂದರು. ಕನ್ನಡ ಓದಲು ಬರುತ್ತಿದ್ದ ಕೆಲವೇ ಮಕ್ಕಳಲ್ಲಿ ನಾನೊಬ್ಬಳು. ಅದರಲ್ಲಿ ತಂತಿಗಳ ನಕ್ಷೆಯಿತ್ತು. ತಾವು ಬೆಸೆದ ಪ್ರತಿಯೊಂದು ಕೂಡಿಕೆಯನ್ನೂ ನೆನಪಿನಿಂದಲೇ ಗುರುತಿಸಿದ್ದರು. ಒಂದರ ಸುತ್ತ ಕೆಂಪು ವೃತ್ತ. ತಪಾಸಣೆಯಾಗಿ ಪಾಸಾದ ಕೂಡಿಕೆಯನ್ನು ಮತ್ತೆ ಮುಟ್ಟಬಾರದು ಎಂಬುದು ಶೆಡ್ಡಿನ ನಿಯಮ. ಆ ಒಂದು ಕೂಡಿಕೆ ಮಂಕಾಗಿ ಕಂಡಿತಂತೆ. ಹೊಳಪು ಬರಲೆಂದು ಇನ್ನೊಮ್ಮೆ ಬಿಸಿ ತಾಗಿಸಿದರು. ಯಾರಿಗೂ ತಿಳಿಸಲಿಲ್ಲ, ಎಲ್ಲಿಯೂ ಬರೆಯಲಿಲ್ಲ. ವಿದ್ಯುತ್ ನಿಂತ ಸುದ್ದಿ ಬಂದಂದಿನಿಂದ ಅವರಿಗೆ ಒಂದೇ ಪ್ರಶ್ನೆ: ಕಾರಣ ಆ ಕೂಡಿಕೆಯೇ?

"ಚೆಕ್ ಮಾಡಿದವರೇ ಪಾಸು ಮಾಡಿದ್ರಲ್ಲ, ಆಂಟಿ?" ಎಂದೆ.

"ಅವರು ಪಾಸು ಮಾಡಿದ ಮೇಲೆ ನಾನು ಮುಟ್ಟಿದ್ದಲ್ವಾ ಮಗಾ. ಗಂಡನಿಗೂ ಹೇಳ್ಲಿಲ್ಲ ನಾನು. ಹೌದು ಅಂದ್ರೂ ಅಡ್ಡಿಯಿಲ್ಲ, ಒಮ್ಮೆ ಗೊತ್ತಾಗ್ಬೇಕು."

ಆ ವರ್ಷ ಶಾಲೆಯ ಬಾಹ್ಯಾಕಾಶ ಪ್ರದರ್ಶನಕ್ಕೆ ಅತಿಥಿಯಾಗಿ ಬರಲಿದ್ದವರು, ಅದೇ ಉಪಗ್ರಹದ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಎಂಜಿನಿಯರ್. ಉತ್ತರಿಸಬಲ್ಲ ಮನುಷ್ಯ ಶಾಲೆಯ ಬಾಗಿಲಿಗೇ ಬರುತ್ತಿದ್ದರು. ಆಂಟಿ ನೋಟ್‌ಬುಕ್ಕನ್ನು ಲಕೋಟೆಗೆ ಹಾಕಿ ಅಂಟಿಸಿದರು. ಉಪಗ್ರಹದ ವಿದ್ಯುತ್ ನಿಂತದ್ದರ ಬಗ್ಗೆ ಒಂದು ಪ್ರಶ್ನೆಯಿದೆ, ಅತಿಥಿಯನ್ನು ಎರಡು ನಿಮಿಷ ಕಾಣಬೇಕು ಎಂದು ಸಮಿತಿಯ ಕಾರ್ಯದರ್ಶಿಯನ್ನು ಕೇಳಿದರು. ಕಾರ್ಯದರ್ಶಿ ನಮ್ಮ ಕರಾವಳಿಯವರೇ. ನಾನು ಪಕ್ಕದಲ್ಲೇ ನಿಂತಿದ್ದೆ.

"ಎಂತ ಆಂಟಿ ನೀವು! ಗೆಸ್ಟ್ ಬಂದ ದಿನ ನಮ್ಮ ಉಪಗ್ರಹ ಹಾಳಾದ ಕಥೆ ಯಾಕೆ? ಪೇರೆಂಟ್ಸ್ ಎಲ್ಲ ಇರ್ತಾರೆ. ಕೊಡಿ ಇಲ್ಲಿ, ಪ್ರೋಗ್ರಾಂ ಮುಗಿದ ಮೇಲೆ ನಾನೇ ಅವರ ಕೈಗೆ ಕೊಡ್ತೇನೆ. ಖಲಾಸ್, ಇನ್ನು ತಲೆಬಿಸಿ ಬಿಡಿ."

ಪ್ರದರ್ಶನದ ದಿನ ಆಂಟಿಯನ್ನು ಲ್ಯಾಬಿನ ಕಾವಲಿಗೆ ಕೂರಿಸಿದರು. ಸಭಾಂಗಣದ ಚಪ್ಪಾಳೆಯನ್ನು ಅವರು ಗೋಡೆಯಾಚೆಯಿಂದ ಕೇಳಿದರು. ಒಂದು ತಿಂಗಳು ಕಾದು ವಿಚಾರಿಸಿದಾಗ ಕಾರ್ಯದರ್ಶಿಯ ಉತ್ತರ: "ಓದಿದ್ರಂತೆ ಆಂಟಿ. ಎಂತ ತೊಂದ್ರೆಯೂ ಇಲ್ವಂತೆ."

ಆಂಟಿ ನಂಬಲಿಲ್ಲ. "ಇಡೀ ನೋಟ್‌ಬುಕ್ ಓದಿದವರು ಇಷ್ಟೇ ಹೇಳಿ ಕಳಿಸ್ತಾರಾ?" ಎಂದು ನನ್ನನ್ನು ಕೇಳಿದರು. ಕೆಲವು ವರ್ಷಗಳ ನಂತರ ನಿವೃತ್ತರಾಗಿ ಊರಿಗೆ ಮರಳಿದರು. ಹೋದ ವರ್ಷ ತೀರಿಕೊಂಡರು.

ಬೌಷರ್‌ನ ಆ ಅಂಗಡಿಯಿಂದ ನಾನು ನೇರವಾಗಿ, ಆ ಲಕೋಟೆ ಏನಾಯಿತೆಂದು ಕೇಳಲು, ಶಾಲೆಗೆ ಹೋದೆ. ಕಚೇರಿಯ ಗುಮಾಸ್ತರು ಪಾಪ ಒಳ್ಳೆಯವರು, ಹಳೆಯ ಕಪಾಟು ತೆಗೆದು ಹುಡುಕಿದರು. ಲಕೋಟೆ ಅಲ್ಲೇ ಇತ್ತು. ಮೇಲೆ ಆಂಟಿಯ ದುಂಡಗಿನ ಅಕ್ಷರ, ಅಂಟು ಬಿಚ್ಚಿರಲಿಲ್ಲ. "ಕೊಡ್ಲಿಕ್ಕೆ ಆಗುದಿಲ್ಲ ಮೇಡಂ, ಕಮಿಟಿ ಪರ್ಮಿಷನ್ ಬೇಕು" ಎಂದು ಅವರು ಮತ್ತೆ ಬೀಗ ಹಾಕಿದರು. ಅನುಮತಿ ಕೋರಿ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಹಬ್ಬದ ಶುಭಾಶಯ ಬಂತು. ಮೂರನೆಯದನ್ನು 'ಸೂಕ್ತ ವಿಭಾಗಕ್ಕೆ' ಕಳುಹಿಸಲಾಗಿದೆಯಂತೆ! ಒಂದು ಲಕೋಟೆಯನ್ನು ಮೇಜಿನ ಈ ಬದಿಯಿಂದ ಆ ಬದಿಗೆ ದಾಟಿಸಲು ಯಾವ ವಿಭಾಗ ಬೇಕು? ದೇಶದ ಹೆಮ್ಮೆಯ ಭಾಷಣವನ್ನು ಪ್ರತಿವರ್ಷ ಏರ್ಪಡಿಸುವವರಿಗೆ, ಆ ಹೆಮ್ಮೆಗೆ ಕೈ ಸುಟ್ಟುಕೊಂಡ ಹೆಂಗಸಿನ ಒಂದು ಪ್ರಶ್ನೆ ಇಷ್ಟು ಭಾರವೇ?

ಊರಿನಲ್ಲಿರುವ ಆಂಟಿಯ ಮಗಳಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಕೇಳಿದವರು ಇಂದು ಇಲ್ಲ. ಉತ್ತರ ಬಂದರೂ ಅವರಿಗೆ ತಲುಪದು. ಆ ನಷ್ಟವನ್ನು ಯಾವ ಸಮಿತಿಯೂ ತುಂಬಿಕೊಡಲಾರದು.

ಆದ್ದರಿಂದ ಶಾಲೆಯ ಆಡಳಿತ ಸಮಿತಿಯನ್ನು ನಾನು ಬಹಿರಂಗವಾಗಿ ಕೋರುತ್ತೇನೆ: ಲಕೋಟೆಯನ್ನು ತಲುಪಿಸದೆಯೇ 'ಓದಿದ್ದಾರೆ' ಎಂದು ಏಕೆ ಹೇಳಲಾಯಿತು ಎಂಬುದಕ್ಕೆ ಲಿಖಿತ ವಿವರಣೆ ನೀಡಬೇಕು. ಹದಿನೈದು ದಿನಗಳೊಳಗೆ ಆ ಲಕೋಟೆಯನ್ನು, ಅಂಟು ಬಿಚ್ಚದೆ, ಅಂದು ಬಂದಿದ್ದ ಎಂಜಿನಿಯರ್ ಅವರಿಗೆ, ಅವರಿಲ್ಲವಾದರೆ ಆ ವಿದ್ಯೆ ಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು. ಅವರು ಕೊಡುವ ಉತ್ತರವನ್ನು, ಅದು 'ಹೌದು, ಆ ಕೂಡಿಕೆಯೇ ಕಾರಣ' ಎಂದಿದ್ದರೂ, ಒಂದಕ್ಷರವನ್ನೂ ಮೃದುಗೊಳಿಸದೆ ಆಂಟಿಯ ಮಗಳ ಕೈಗೆ ತಲುಪಿಸಬೇಕು.